ಉಪ್ಪು ತಾಕದ ಬೆಂಕಿ

ನಾನು ನಿಂತಿದ್ದದ್ದು ಹೊಲದ ಮೂಡಣ ಬದುವಿನ ಮೇಲೆ, ಜಾಲಿ ಮರದ ನೆರಳು ಮುಗಿದು ಬಿಸಿಲು ಶುರುವಾಗುವ ಜಾಗದಲ್ಲಿ. ಹೊಳಗುಂದದಿಂದ ಪಡುವಣಕ್ಕೆ ಹೋಗುವ ಬಂಡಿದಾರಿಯ ಎಡಕ್ಕೆ ಆ ಹೊಲ. 1978ನೆಯ ಇಸವಿ, ಸಂಕ್ರಾಂತಿಯ ಹಿಂದಿನ ವಾರ. ಇಬ್ಬನಿ ಆರಿತ್ತು, ಬಿಸಿಲು ಇನ್ನೂ ಚುರುಕಾಗಿರಲಿಲ್ಲ. ಅಪ್ಪ ನನ್ನ ಎದುರಿಗೆ, ಮಡಿಚಿ ಹಾಸಿದ ಕರಿ ಕಂಬಳಿಯ ಮೇಲೆ ಕೂತಿದ್ದರು. ನಮ್ಮಿಬ್ಬರ ನಡುವೆ ಏನೂ ಅಡ್ಡ ಇರಲಿಲ್ಲ. ಅವರ ಬಾಯಿ ನನಗೆ ಚೆನ್ನಾಗಿ ಕಾಣುತ್ತಿತ್ತು. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ನಾನು ಬರೆಯಲು ಹೊರಟಿರುವುದು ಆ ಬಾಯಿಯ ವಿಷಯ.

ಅಪ್ಪನಿಗೆ ಕಾರ್ತೀಕದಲ್ಲಿ ವಿಷಮಜ್ವರ ಬಂದಿತ್ತು. ನಾವಿದ್ದ ಆದವಾನಿಯಲ್ಲಿ ಆ ವರ್ಷ ಬಹಳ ಮನೆಗಳಲ್ಲಿ ಬಂತು. ಜ್ವರ ಇಳಿಯಿತು. ಆದರೆ ಇಳಿಯುವಾಗ ನಾಲಗೆಯ ರುಚಿಯನ್ನೂ ಹಸಿವನ್ನೂ ಕರೆದುಕೊಂಡು ಹೋಯಿತು. ಗಂಜಿ ಕೊಟ್ಟರೆ ಎರಡು ಗುಟುಕು, ಮಜ್ಜಿಗೆ ಕೊಟ್ಟರೆ ಒಂದು ಗುಟುಕು. ಅಷ್ಟಕ್ಕೇ ಲೋಟ ಕೆಳಗಿಟ್ಟು, "ಸಾಕು, ಮಣ್ಣು ಕಲಸಿ ಕುಡಿದಂಗ ಆಗ್ತದ," ಎನ್ನುತ್ತಿದ್ದರು. ಬೇಸರವಾಗಲಿ ಸಿಟ್ಟಾಗಲಿ ಆ ಮಾತಿನಲ್ಲಿ ಇರಲಿಲ್ಲ. ನೋಡಿದ್ದನ್ನು ನೋಡಿದ ಹಾಗೆ ಹೇಳುವ ಧ್ವನಿ. ನನಗೆ ಭಯವಾಗುತ್ತಿದ್ದದ್ದು ಆ ಧ್ವನಿಗೆ.

ಅವರು ಎಂಥ ಮನುಷ್ಯ ಎಂದು ತಿಳಿಯದಿದ್ದರೆ ಈ ಭಯ ಅರ್ಥವಾಗುವುದಿಲ್ಲ. ಅಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು, ಮನೆಯಲ್ಲಿ ಪೂಜೆ ಪಾಠ ಇಟ್ಟುಕೊಂಡ ವೈಷ್ಣವರು. ಇವೆರಡರಷ್ಟೇ ಶ್ರದ್ಧೆಯಿಂದ ಅವರು ಮಾಡುತ್ತಿದ್ದ ಮೂರನೆಯ ಕೆಲಸ ಕಾಯಿಪಲ್ಯ ತರುವುದು. ಆ ಕೆಲಸವನ್ನು ಬೇರೆ ಯಾರಿಗೂ ಬಿಡುತ್ತಿರಲಿಲ್ಲ. ಬೆಳಗಿನ ಪೂಜೆಯಾದ ಮೇಲೆ ಚೀಲ ಹಿಡಿದು ಹೋಗಿ, ಹಳ್ಳಿಯಿಂದ ಬುಟ್ಟಿ ಇಳಿಸುವ ಹೆಂಗಸರ ಮುಂದೆ ಕುಕ್ಕುರುಗಾಲಲ್ಲಿ ಕೂತು, ಸೋರೆಕಾಯಿಯನ್ನು ತಟ್ಟಿ ಕೇಳುತ್ತಿದ್ದರು. ಬದನೆಕಾಯಿಯನ್ನು ಮೂಗಿಗೆ ಹಿಡಿಯುತ್ತಿದ್ದರು. ಮೆಂತ್ಯದ ಕಟ್ಟನ್ನು ಬಿಚ್ಚಿ, ಬೇರಿನ ಮಣ್ಣು ಕಪ್ಪು ಎರೆಯದೋ ಕೆಂಪು ಮಸಾರಿಯದೋ ನೋಡುತ್ತಿದ್ದರು. ಪುಂಡಿಪಲ್ಯ ಚಳಿಗಾಲದಲ್ಲಿ ಬೇರೆ ಹುಳಿ, ಮಳೆಗಾಲದಲ್ಲಿ ಬೇರೆ ಹುಳಿ ಎಂದು ಅವರು ಹೇಳಿದ ಮೇಲೆಯೇ ನಮಗೆ ಗೊತ್ತಾದದ್ದು. ಚಾತುರ್ಮಾಸದ ಮೊದಲ ತಿಂಗಳು ಶಾಕವ್ರತ, ಮನೆಯಲ್ಲಿ ಕಾಯಿಪಲ್ಯದ ಸುಳಿವೇ ಇರಬಾರದು. ಆ ತಿಂಗಳನ್ನು ಅಪ್ಪ ಬಹಳ ಸಲೀಸಾಗಿ ಕಳೆಯುತ್ತಿದ್ದರು. "ಬಿಟ್ಟು ಇದ್ದವಗೇ ಬದನಿಕಾಯಿ ಅಂದ್ರ ಏನಂತ ಗೊತ್ತಾಗ್ತದ," ಎನ್ನುತ್ತಿದ್ದರು. ವ್ರತ ಮುಗಿದ ದಿನ ಎಲೆಯ ಮೇಲೆ ಬಿದ್ದ ಮೊದಲ ಪಲ್ಯಕ್ಕೆ ಕೈ ಮುಗಿದು ಊಟಕ್ಕೆ ಶುರುಮಾಡುತ್ತಿದ್ದರು.

ಅಂಥವರಿಗೆ ಈಗ ಬಿಡುವ ಮಾತೇ ಇರಲಿಲ್ಲ. ರುಚಿಯೇ ಅವರನ್ನು ಬಿಟ್ಟಿತ್ತು.

ಅಮ್ಮ ಏನೇನು ಮಾಡಲಿಲ್ಲ. ಹೀರೆಕಾಯಿ ಚಟ್ನಿ, ಚವಳಿಕಾಯಿ ಪಲ್ಯ, ಎಳೆ ಮೂಲಂಗಿ ಕೋಸಂಬರಿ. ಅಪ್ಪ ಎಲ್ಲವನ್ನೂ ನಾಲಗೆಗೆ ಮುಟ್ಟಿಸಿ, "ಚಂದ ಮಾಡೀ," ಎಂದು ಎಲೆ ಮಡಚುತ್ತಿದ್ದರು. ಎಲೆಯ ಮೇಲೆ ಜನಿವಾರ ಜೋತುಬೀಳುವಷ್ಟು ಎದೆ ಒಳಗೆ ಹೋಗಿತ್ತು. ಡಾಕ್ಟರು ಅರ್ಧ ತೆಲುಗು ಅರ್ಧ ಕನ್ನಡದವರು. ಕೊನೆಯ ಸಲ ನೋಡಿದಾಗ ನನ್ನನ್ನು ಬಾಗಿಲ ಹೊರಗೆ ಕರೆದು, "ಜ್ವರ ಹೋಯ್ತು. ಇನ್ನ ನಾ ದಗ್ಗರ ಮಂದು ಲೇದು. ತಿಂದ್ರ ಉಳೀತಾರ," ಎಂದರು. ಔಷಧ ಮುಗಿಯಿತು, ಇನ್ನು ಊಟವೇ ಎಂದು ಅರ್ಥ. ತಿನ್ನದಿದ್ದರೆ ಏನು ಎಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಹೊಲಕ್ಕೆ ಹೋಗುವ ಮಾತು ತೆಗೆದದ್ದು ಅಪ್ಪನೇ. ಹೊಳಗುಂದದಲ್ಲಿ ನಮ್ಮ ಅಜ್ಜನ ಕಾಲದ ಸ್ವಲ್ಪ ಎರೆ ಹೊಲ ಇತ್ತು. ಅದನ್ನು ಕುರಿ ಸಾಕುವ ಒಂದು ಮನೆತನ ತಲೆಮಾರಿನಿಂದ ಕೋರಿಗೆ, ಬೆಳೆಯಲ್ಲಿ ಪಾಲು ಕೊಟ್ಟು, ಮಾಡುತ್ತಿತ್ತು. ಪ್ರತಿ ವರ್ಷ ಜೋಳದ ತೆನೆ ಹಾಲು ತುಂಬಿದ ಹೊತ್ತಿಗೆ ಅಪ್ಪ ಅಲ್ಲಿಗೆ ಹೋಗಿ ಸೀತನಿ ತಿಂದು ಬರುತ್ತಿದ್ದರು. ಎಳೆಯ ತೆನೆಯನ್ನು ಕೆಂಡದಲ್ಲಿ ಸುಟ್ಟು, ಬಿಸಿ ಇರುವಾಗಲೇ ಉಜ್ಜಿ, ಹೊಟ್ಟು ಊದಿ ತೆಗೆದ ಹಸಿರು ಕಾಳಿಗೆ ನಮ್ಮ ಕಡೆ ಸೀತನಿ ಎನ್ನುತ್ತಾರೆ.

"ಈ ಸಲಾನೂ ಒಮ್ಮೆ ನೋಡಿ ಬರ್ತೀನಿ," ಎಂದರು.

ಅಮ್ಮ, "ತಿನ್ನಾಕಲ್ಲ, ನೋಡಾಕ?" ಎಂದು ಕೇಳಿದಳು.

ನನ್ನ ಅಕ್ಕ ಗಂಡನ ಮನೆಯಿಂದ ಅಪ್ಪನ ಸೇವೆಗೆಂದು ಬಂದಿದ್ದಳು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, "ಕರ್ಕೊಂಡು ಹೋಗಾಣ ನಡಿಯೋ," ಎಂದಳು. ನಾನು ಆಗ ಹತ್ತಿ ಕಾರ್ಖಾನೆಯೊಂದರ ತೂಕದ ಮನೆಯಲ್ಲಿ ಕೆಲಸಕ್ಕಿದ್ದೆ. ಹತ್ತಿ ಬರುವ ಕಾಲ ಅದು, ರಜೆ ಕೇಳುವಂತಿರಲಿಲ್ಲ, ಆದರೂ ಕೇಳಿದೆ. ಬೆಳಿಗ್ಗೆ ಬಸ್ಸು ಹತ್ತುವಾಗ ಅಮ್ಮ ಅವಲಕ್ಕಿಯ ಗಂಟನ್ನೂ ನೀರಿನ ತಾಮ್ರದ ತಂಬಿಗೆಯನ್ನೂ ಕೊಟ್ಟು ನನಗೆ ಹೇಳಿದ್ದು ಇಷ್ಟೇ: "ಎರಡು ತುತ್ತು ತಿನ್ನಿಸ್ಕೊಂಡು ಬಾ."

ಹೊಳಗುಂದದಲ್ಲಿ ಇಳಿದಾಗ ಬಂಡಿ ಕಾದಿತ್ತು. ಅದರಲ್ಲಿ ಹುಲ್ಲು ಹಾಸಿ, ಹುಲ್ಲಿನ ಮೇಲೆ ಕಂಬಳಿ ಹಾಸಿದ್ದರು. ಕಂಬಳಿಗೆ ಮೈಲಿಗೆ ಇಲ್ಲವಾದ್ದರಿಂದ ಅಪ್ಪ ಅದರ ಮೇಲೆ ಯಾವ ಯೋಚನೆಯೂ ಇಲ್ಲದೆ ಕೂರುತ್ತಿದ್ದರು. ಬಂಡಿ ಹೊಡೆದದ್ದು ಹೊಲ ಮಾಡುವ ಆ ಮನೆಯ ಸೊಸೆ. ಅವಳ ಗಂಡ ಕುರಿ ಹಿಂದೆ ದೂರದ ಊರಿಗೆ ಹೋಗಿದ್ದ. ಅವಳು ಪತ್ತಿಕೊಂಡದ ಕಡೆಯಿಂದ ಬಂದವಳು, ಮದುವೆಯಾಗಿ ಬಹಳ ಕಾಲವಾಗಿರಲಿಲ್ಲ, ಕನ್ನಡದಲ್ಲಿ ನಡುನಡುವೆ ತೆಲುಗು ಬೀಳುತ್ತಿತ್ತು. ಎತ್ತುಗಳಿಗೆ ಮಾತ್ರ ಶುದ್ಧ ಕನ್ನಡದಲ್ಲಿ ಬೈಯುತ್ತಿದ್ದಳು.

ಅವಳ ಅತ್ತೆ, ಮನೆಯ ಹಿರಿಯಳು, ಹೊಲದಲ್ಲೇ ಇದ್ದಳು. ಅಪ್ಪ ಬಂಡಿಯಿಂದ ಇಳಿಯುವುದನ್ನು ನೋಡಿ ಅವಳ ಕೈಯಲ್ಲಿದ್ದ ಸಗಣಿ ಕುಳ್ಳು ಕೆಳಗೆ ಬಿತ್ತು. ಒಂದು ವರ್ಷದ ಹಿಂದೆ ನೋಡಿದ ಮನುಷ್ಯನನ್ನು ಅವಳು ಹುಡುಕುತ್ತಿದ್ದಳು.

"ಏನ್ರಿ ಆಚಾರ್ರ, ಅರ್ಧ ಮನಿಷ್ಯಾನ್ನ ಮನ್ಯಾಗ ಬಿಟ್ಟು ಬಂದೀರೇನು?" ಎಂದಳು.

"ಉಳಿದರ್ಧ ಹಿಂದಿನ ಬಸ್ಸಿಗೆ ಬರ್ತದವ್ವ," ಎಂದರು ಅಪ್ಪ.

ಮುದುಕಿ ನಗಲಿಲ್ಲ. ಕಂಬಳಿ ತಂದು ಜಾಲಿ ಮರದ ಕೆಳಗೆ ಹಾಸಿ, ಬೆಂಕಿಯ ಕಡೆ ಹೋದಳು.

ಬೆಂಕಿಯ ವಿಷಯ ಇಲ್ಲಿ ಹೇಳಬೇಕು. ನಮ್ಮ ಮನೆಯ ಆಚಾರದಲ್ಲಿ, ಬರಿಯ ಬೆಂಕಿ ತಾಕಿದ ಪದಾರ್ಥಕ್ಕೆ ದೋಷ ಇಲ್ಲ. ಸುಟ್ಟ ಗೆಣಸು, ಸುಟ್ಟ ತೆನೆ, ಹುರಿದ ಕಾಳು, ಇವನ್ನು ಯಾರು ಸುಟ್ಟರೂ ತಿನ್ನಬಹುದು. ಬೆಂಕಿಯ ಜೊತೆಗೆ ನೀರು ಸೇರಿದರೆ, ಉಪ್ಪು ಸೇರಿದರೆ, ಅದು ಅಡಿಗೆಯಾಗುತ್ತದೆ. ಅಡಿಗೆಯಾದ ಮೇಲೆ ಯಾರ ಕೈಯದು ಎಂಬ ಪ್ರಶ್ನೆ ಬರುತ್ತದೆ. ಇದು ಸರಿಯೋ ತಪ್ಪೋ ಎಂದು ಇವತ್ತು ವಾದಿಸುವವರಿದ್ದಾರೆ. ವಾದಿಸಲಿ. ಅವತ್ತು ಇದ್ದದ್ದು ಹೀಗೆ ಎಂದಷ್ಟೇ ನಾನು ಹೇಳುತ್ತಿದ್ದೇನೆ. ಈ ನೇಮದಿಂದಾಗಿಯೇ ಆ ಹೊಲದಲ್ಲಿ ಇನ್ನೊಂದು ಪದ್ಧತಿ ಬೆಳೆದಿತ್ತು. ಅಪ್ಪ ಬರುವ ದಿನ ಮುದುಕಿಯ ಮನೆಯವರು ತಮ್ಮ ರೊಟ್ಟಿಯ ಬುತ್ತಿಯನ್ನು, ಹಿಂಡಿ ಚಟ್ನಿಯನ್ನು, ದೂರದ ಇನ್ನೊಂದು ಮರಕ್ಕೆ ನೇತುಹಾಕುತ್ತಿದ್ದರು. ಅವುಗಳಲ್ಲಿ ಉಪ್ಪು ಇರುತ್ತದಲ್ಲ, ಅದಕ್ಕೆ. ಅಪ್ಪನಿಗಾಗಿ ಬೇರೆ ಗುಂಡಿ, ಬೇರೆ ಕುಳ್ಳು, ಬೇರೆ ಕೆಂಡ. ಆ ಗುಂಡಿಯ ಹತ್ತಿರ ಉಪ್ಪಿನ ಕೈ ಬರಬಾರದು. ಅದನ್ನು ಅಪ್ಪ ಹೇಳಿ ಮಾಡಿಸಿದ್ದಲ್ಲ. ಮುದುಕಿಗೆ ಅವಳ ಅತ್ತೆ ಕಲಿಸಿದ್ದು. "ಆಚಾರ್ರ ಬೆಂಕಿ" ಎಂದೇ ಅದಕ್ಕೆ ಹೆಸರು.

ಮೊದಲು ಸೀತನಿ ಬಂತು. ಮುದುಕಿ ತೆನೆಗಳನ್ನು ಕೆಂಡದಲ್ಲಿ ಹೊರಳಿಸಿ, ಒರಟು ಗೋಣಿಯ ಮೇಲೆ ಉಜ್ಜಿ, ಮೊರದಲ್ಲಿ ಕೇರಿ, ಮುತ್ತುಗದ ಎಲೆಯ ಮೇಲೆ ಸುರಿದು ಅಪ್ಪನ ಮುಂದೆ ಇಟ್ಟಳು. ಕಾಳಿನಿಂದ ಆವಿ ಏಳುತ್ತಿತ್ತು. ಹಸಿ ಹಾಲಿನ ಮತ್ತು ಹೊಗೆಯ ವಾಸನೆ ಒಟ್ಟಿಗೆ ಬಂತು. ನನ್ನ ಬಾಯಲ್ಲಿ ನೀರು ಬಂತು, ಅಕ್ಕನ ಗಂಟಲು ಆಡಿದ್ದನ್ನೂ ನೋಡಿದೆ. ಅಪ್ಪ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡರು. ಅಗಿದರು. ಅಗಿಯುವುದು ನಿಧಾನವಾಗುತ್ತ ನಿಂತಿತು.

"ಚಂದ ಸುಟ್ಟೀ ಅವ್ವ," ಎಂದರು.

ಮನೆಯಲ್ಲಿ ಅಮ್ಮನಿಗೆ ಹೇಳುತ್ತಿದ್ದದ್ದು ಇದೇ ಧ್ವನಿಯಲ್ಲಿ. ಅಕ್ಕ ನನ್ನ ಕಡೆ ನೋಡಲಿಲ್ಲ, ನಾನು ಅವಳ ಕಡೆ ನೋಡಲಿಲ್ಲ. ಎಲೆಯ ಮೇಲೆ ಕಾಳು ತಣ್ಣಗಾಗತೊಡಗಿತು. ಮುದುಕಿ ಎರಡು ಬದನೆಕಾಯಿಯನ್ನು ಕೆಂಡದಲ್ಲಿ ಹೂತಿದ್ದಳು. ಅವುಗಳ ಸಿಪ್ಪೆ ಸೀಳಿ ರಸ ಚುರ್ ಅನ್ನುತ್ತಿತ್ತು. ಅವನ್ನು ತೆಗೆಯುವುದೋ ಬಿಡುವುದೋ ತಿಳಿಯದೆ ಕೋಲು ಹಿಡಿದು ಕೂತಳು.

ಅಷ್ಟರಲ್ಲಿ ಸೊಸೆ ಪಕ್ಕದ ಕಡಲೆ ಹೊಲದಿಂದ ಒಂದು ಹೊರೆ ಹಸಿ ಕಡಲೆ ಗಿಡ ಕಿತ್ತು ತಂದಳು. ನಮ್ಮ ಹೊಲದ ಆ ತುಂಡಿನಲ್ಲಿ ಕಡಲೆ ಹಾಕಿದ್ದು ಆ ವರ್ಷವೇ ಮೊದಲು. ಅಲ್ಲಿಯವರೆಗೆ ಜೋಳವೇ. ಸೊಸೆಯ ತವರಲ್ಲಿ ಕಡಲೆ ಬೆಳೆಯುತ್ತಿದ್ದರು, ಅವಳೇ ಬೀಜ ತರಿಸಿದ್ದಳಂತೆ. ಅವಳು ಗಿಡಗಳನ್ನು ಬೇರು ಸಮೇತ, ಎಲೆ ಸಮೇತ ಆಚಾರ್ರ ಬೆಂಕಿಯ ಮೇಲೆ ಹಾಕಿದಳು. ಎಲೆ ಚಟಪಟ ಉರಿದು ಹೋಯಿತು. ಕಪ್ಪಾದ ಕಾಯಿಗಳನ್ನು ಕೋಲಿನಿಂದ ಬಳಿದು ಎಲೆಯ ಮೇಲೆ ಹಾಕಿ, "ಇದೂ ಒಂಚೂರು ಚೂಡ್ರಿ," ಎಂದಳು. ಒಂಚೂರು ನೋಡಿ ಎಂದು.

ಅಪ್ಪ ಅವಳ ಮನಸ್ಸಿಗೆ ನೋವಾಗದಿರಲೆಂದು ಒಂದು ಕಾಯಿ ತೆಗೆದುಕೊಂಡರು. ಬೆರಳುಗಳಲ್ಲಿ ಬಿಡಿಸುವ ಶಕ್ತಿ ಇರಲಿಲ್ಲ. ಕಾಯಿಯನ್ನು ತುಟಿಯ ಸಂದಿಗೆ ಇಟ್ಟು ಹಲ್ಲಿನಿಂದ ಒಡೆದರು.

ನಾನು ನೋಡುತ್ತಿದ್ದೆ. ಅವರ ಬಾಯಿ ಅಲ್ಲಿಗೇ ನಿಂತಿತು. ಕಣ್ಣು ದೊಡ್ಡವಾದವು. ಕೆಳದುಟಿಯನ್ನು ನಾಲಗೆ ಒಮ್ಮೆ ಸವರಿತು, ಮತ್ತೊಮ್ಮೆ ಸವರಿತು. ಅವರ ಕುತ್ತಿಗೆಯ ನರ ಎದ್ದಿತು. ತುಟಿಯ ಮೂಲೆಯಲ್ಲಿ ಜೊಲ್ಲು ಬಂತು. ಅಷ್ಟು ದಿನ ಒಣಗಿದ್ದ ಬಾಯಿಯಲ್ಲಿ ನೀರು ಬಂದದ್ದನ್ನು ನಾನು ಹಗಲ ಬೆಳಕಿನಲ್ಲಿ ನೋಡಿದೆ. ಅವರು ಕಾಯಿಯನ್ನು ನಿಧಾನವಾಗಿ ಬಾಯಿಂದ ಹೊರಗೆ ತೆಗೆದರು. ಅಂಗೈಯಲ್ಲಿ ಹಿಡಿದುಕೊಂಡು ಹೇಳಿದರು:

"ಉಪ್ಪು ಐತಿ."

ನನಗೆ ಎರಡೂ ಒಟ್ಟಿಗೆ ತಿಳಿಯಿತು. ಅವರ ನಾಲಗೆ ತಿರುಗಿ ಬಂದಿದೆ. ಮತ್ತು ಬಂದದ್ದು ತಿನ್ನಬಾರದ್ದರ ಮೇಲೆ.

ಮುದುಕಿ ಎದ್ದು ನಿಂತಳು. ಸೊಸೆಯ ಕಡೆ ತಿರುಗಿದಳು.

"ಏನ್ ಮಾಡಿದಿ? ಉಪ್ಪಿನ ಕೈಯಾಗ ಮುಟ್ಟಿದಿ? ಬುತ್ತಿ ಬಿಚ್ಚಿದ್ದಿ ಹೌದಲ್ಲ ಮುಂಜಾಲಿ?"

"ಬಿಚ್ಚಿದ್ದೆ, ಕೈ ತೊಳ್ಕೊಂಡೀನಿ."

"ನಮ್ಮತ್ತಿ ಕಾಲದಾಗಿಂದ ಈ ಬೆಂಕ್ಯಾಗ ಒಂದು ಹಳ್ಳು ಉಪ್ಪು ಬಿದ್ದಿಲ್ಲ. ನೀ ಬಂದು ವರ್ಷ ಆಗಿಲ್ಲ, ಬಿತ್ತು."

"ಅತ್ತೀ, ಉಪ್ಪಿನ ಗಡಿಗಿ ಮನ್ಯಾಗ ಐತಿ. ನಾ ಹೊಲ್ದಾಗ ಅದೀನಿ. ನನ್ನ ಕೈ ಅಷ್ಟು ಉದ್ದ ಇಲ್ಲ."

"ಬಾಯಿ ಉದ್ದ ಐತಿ."

"ಬಾಯಿಂದ ಉಪ್ಪು ಹಾಕಾಕ ಬರೋದಿಲ್ಲ ಬಿಡ್ರಿ."

ಅಕ್ಕ ಇಬ್ಬರ ನಡುವೆ ಹೋಗಿ, "ಇರ್ಲಿ ಬಿಡ್ರಿ, ಇರ್ಲಿ ಬಿಡ್ರಿ," ಎನ್ನುತ್ತಿದ್ದಳು. ಅವಳ ಕಣ್ಣು ಅಪ್ಪನ ಅಂಗೈಯಲ್ಲಿದ್ದ ಕಾಯಿಯ ಮೇಲೆಯೇ ಇತ್ತು. ಸೊಸೆಯ ಮುಖ ಕೆಂಪಾಗಿತ್ತು. ಅವಳು ಮೊಂಡುತನ ಮಾಡುತ್ತಿರಲಿಲ್ಲ, ಅಳು ಬರದ ಹಾಗೆ ತಡೆಯುತ್ತಿದ್ದಳು. "ಉಪ್ಪಲ್ಲರಿ ಅದು. ಗಿಡದ ಹುಳಿ," ಎಂದಳು ಅಪ್ಪನಿಗೆ.

ಅಪ್ಪ ತಲೆ ಅಲ್ಲಾಡಿಸಿದರು. "ಹುಳಿ ನನಗೆ ಗೊತ್ತದವ್ವ. ಇದು ಉಪ್ಪು."

ನಾನು ಬದುವಿನಿಂದ ಇಳಿಯಲಿಲ್ಲ. ಇಳಿದು ಏನು ಮಾಡಬೇಕು ಎಂದು ತಿಳಿಯಲಿಲ್ಲ. ತಿನ್ನಿ, ಉಪ್ಪಿದ್ದರೂ ತಿನ್ನಿ ಎಂದು ಹೇಳುವ ಧೈರ್ಯ ನನಗೆ ಇರಲಿಲ್ಲ. ಹೇಳಿದ್ದರೂ ಅವರು ತಿನ್ನುತ್ತಿರಲಿಲ್ಲ. ಜ್ವರದ ಉರಿಯಲ್ಲಿ ಪ್ರಜ್ಞೆ ತಪ್ಪಿದಾಗಲೂ ಸಂಧ್ಯಾವಂದನೆಯ ಹೊತ್ತಿಗೆ ನೀರಿಗೆ ಕೈ ಚಾಚಿದ ಮನುಷ್ಯ ಅವರು. ಇನ್ನೊಂದು ಕ್ಷಣದಲ್ಲಿ ಆ ಕಾಯಿಯನ್ನು ಎಲೆಯ ಮೇಲೆ ಇಟ್ಟುಬಿಡುತ್ತಾರೆ, ತಂಬಿಗೆಯ ನೀರಿನಲ್ಲಿ ಬಾಯಿ ಮುಕ್ಕಳಿಸುತ್ತಾರೆ, ಆಮೇಲೆ ಈ ರುಚಿ ಎಂದೂ ಬರುವುದಿಲ್ಲ ಎಂದು ನನಗೆ ಅನ್ನಿಸಿತು. ಯಾಕೆ ಹಾಗೆ ಅನ್ನಿಸಿತೋ.

ಅಪ್ಪ ಕಾಯಿಯನ್ನು ಎಲೆಯ ಮೇಲೆ ಇಡಲಿಲ್ಲ. ಬಹಳ ಹೊತ್ತು ಸೊಸೆಯ ಮುಖವನ್ನು ನೋಡಿದರು. ಆಮೇಲೆ ಅಕ್ಕನ ಕಡೆ ಕೈ ಚಾಚಿ, "ಎಬ್ಬಿಸು," ಎಂದರು.

ಅಕ್ಕ ಒಂದು ಕಡೆ, ನಾನು ಓಡಿ ಬಂದು ಇನ್ನೊಂದು ಕಡೆ ಹಿಡಿದೆವು. ಅವರು ಜೋಳದ ಸಾಲು ದಾಟಿ ಕಡಲೆ ಹೊಲದ ಅಂಚಿಗೆ ಬಂದರು. ಸೊಸೆ ಹಿಂದೆ ಬರುತ್ತಿದ್ದಳು, ಮುದುಕಿ ಅವಳ ಹಿಂದೆ. ಕಡಲೆ ಗಿಡ ಮೊಣಕಾಲಿನಷ್ಟೂ ಎತ್ತರ ಇಲ್ಲ. ಬಗ್ಗಲು ಅವರಿಂದ ಆಗಲಿಲ್ಲ. ಎರೆ ಮಣ್ಣಿನ ಮೇಲೆ ಹಾಗೇ ಕೂತುಬಿಟ್ಟರು. ಯಾರೂ ಮುಟ್ಟದ, ಬೆಂಕಿ ಕಾಣದ, ಸಾಲಿನ ನಡುವಿನ ಒಂದು ಗಿಡವನ್ನು ಆರಿಸಿದರು. ಸೋರೆಕಾಯಿ ಆರಿಸುವಾಗ ಇರುತ್ತಿದ್ದ ಅದೇ ಮುಖ. ಅದರ ಕುಡಿಯನ್ನು ಉಗುರಿನಿಂದ ಚಿವುಟಿದರು. ಬಿಸಿಲಿಗೆ ಹಿಡಿದರು. ಎಲೆಯ ಮೇಲೆಲ್ಲ ಸಣ್ಣ ರೋಮ, ರೋಮದ ತುದಿಯಲ್ಲಿ ಹೊಳೆಯುವ ಏನೋ ಅಂಟು. ಅಷ್ಟು ಹತ್ತಿರದಿಂದ ನಾನು ಅದನ್ನು ಮೊದಲು ಕಂಡದ್ದು ಅಂದೇ.

ಅವರು ಆ ಕುಡಿಯನ್ನು ನಾಲಗೆಯ ಮೇಲೆ ಇಟ್ಟುಕೊಂಡು ಬಾಯಿ ಮುಚ್ಚಿದರು.

ದೂರದಲ್ಲಿ ಯಾರೋ ಹಕ್ಕಿ ಓಡಿಸುವ ಕವಣೆಯ ಸದ್ದು ಬಂತು. ಅಪ್ಪನ ಕಣ್ಣಲ್ಲಿ ನೀರು ತುಂಬಿ, ತುಂಬಿ, ಎರಡೂ ಕಡೆ ಇಳಿಯಿತು. ಅತ್ತರೋ ಹುಳಿಗೆ ಬಂತೋ ನಾನು ಹೇಳಲಾರೆ.

"ಗಿಡದಾಗೇ ಐತಿ," ಎಂದರು. ಮತ್ತೆ, "ಗಿಡದಾಗೇ ಐತಿ. ಯಾರೂ ಹಾಕಿಲ್ಲ."

ಅದು ಹುಳಿಯೇ. ಕಡಲೆ ಗಿಡದ ಹುಳಿ. ಬೆಳೆಯುವವರಿಗೆಲ್ಲ ಗೊತ್ತಿರುವ ವಿಷಯ. ಸೊಸೆ ಹೇಳಿದ್ದು ನಿಜ, ಅಪ್ಪ ಹೇಳಿದ್ದೂ ಸುಳ್ಳಲ್ಲ. ಅಷ್ಟು ದಿನ ಏನನ್ನೂ ಅರಿಯದೆ ಮಲಗಿದ್ದ ನಾಲಗೆ ಒಮ್ಮೆಲೇ ಎದ್ದಾಗ, ಮೊದಲು ತಾಕಿದ ಆ ಚುರುಕನ್ನು ಉಪ್ಪು ಎಂದು ಕೂಗಿತ್ತು. ನಾನೂ ಒಂದು ಕುಡಿ ಬಾಯಿಗೆ ಹಾಕಿಕೊಂಡೆ. ಮೊದಲು ಹುಳಿ, ಅದರ ಬೆನ್ನ ಹಿಂದೆ ನಿಜವಾಗಿಯೂ ಉಪ್ಪಿನಂಥ ಒಂದು ಕಡಿತ.

ಅಪ್ಪ ಸೊಸೆಯನ್ನು ಕರೆದರು. "ನನ್ನ ನಾಲಗೀದು ತಪ್ಪವ್ವ. ನಿನ್ನ ಕೈದಲ್ಲ."

ಅವಳು ಸೆರಗು ಹಲ್ಲಿನಲ್ಲಿ ಕಚ್ಚಿ ತಲೆ ತಗ್ಗಿಸಿದಳು. ಮುದುಕಿ ಮಾತ್ರ ಬಿಡಲಿಲ್ಲ. ಆಚಾರ ಕೆಡಿಸಿದ ಪಾಪ ತನ್ನ ಬೆಂಕಿಗೆ ಬರಬಾರದು ಎಂಬ ಕಾಳಜಿ ಅವಳಿಗೆ. "ಆದ್ರ ಆಚಾರ್ರ, ಅದು ಮಂಜಿನ ನೀರು ಕುಡಿದ ಹುಳಿ. ನೀರು ಸೇರಿದಂಗ ಆತಲ್ಲ? ನಡೀತದೇನು ನಿಮಗ?" ಎಂದು ಕೇಳಿದಳು.

ಅಪ್ಪ ಯೋಚಿಸಿದರು. ಮಣ್ಣಿನಲ್ಲಿ ಕೂತೇ, ಕಚೇರಿಯ ಕಡತ ನೋಡುವಷ್ಟು ಗಂಭೀರವಾಗಿ ಯೋಚಿಸಿದರು. ಆ ಪ್ರಶ್ನೆ ಕೇಳದೆ ಇದ್ದಿದ್ದರೆ ಆಗುತ್ತಿರಲಿಲ್ಲವೇ ಎಂದು ನನಗೆ ಮುದುಕಿಯ ಮೇಲೆ ಸಿಟ್ಟು ಬಂತು. ಅಕ್ಕ ನನ್ನ ತೋಳನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದಳೆಂದರೆ ಆಮೇಲೆ ಅಲ್ಲಿ ಉಗುರಿನ ಗುರುತು ಇತ್ತು.

"ಮಂಜು ಯಾರ ಕೊಡದಾಗಿನ ನೀರೂ ಅಲ್ಲ," ಎಂದರು ಅಪ್ಪ. "ಮ್ಯಾಲಿಂದ ಬಿದ್ದದ್ದು, ಗಿಡ ಕುಡಿದದ್ದು. ಹಾಕಿದವನು ಅವನೇ. ಅವನ ಕೈ ಉಪ್ಪು ನಡೀಲಿಲ್ಲ ಅಂದ್ರ ಇನ್ನ ಯಾರ್ದು ನಡೀತದ?"

ಮುದುಕಿ ಎರಡೂ ಕೈ ಎತ್ತಿ ಹಣೆಗೆ ಮುಟ್ಟಿಸಿಕೊಂಡಳು. ಯಾರಿಗೆ ಎಂದು ಗೊತ್ತಾಗಲಿಲ್ಲ. ಆಕಾಶಕ್ಕಿರಬಹುದು, ಗಿಡಕ್ಕಿರಬಹುದು.

ಆಮೇಲೆ ಅಪ್ಪ ಉಂಡರು. ಇದನ್ನು ಹೇಗೆ ಬರೆಯಬೇಕೋ ನನಗೆ ತಿಳಿಯದು. ಕಂಬಳಿಯವರೆಗೂ ಬರಲಿಲ್ಲ, ಕಡಲೆ ಹೊಲದ ಅಂಚಿನಲ್ಲೇ ಎಲೆ ತರಿಸಿಕೊಂಡರು. ಮೊದಲು ಸುಟ್ಟ ಕಡಲೆ. ಒಂದೊಂದೇ ಕಾಯಿ, ತುಟಿಗೆ ಇಟ್ಟು, ಮೇಲಿನ ಕಪ್ಪನ್ನು ಹೀರಿ, ಒಳಗಿನ ಹಸಿರು ಕಾಳನ್ನು ನಾಲಗೆಯಿಂದ ತೆಗೆದುಕೊಳ್ಳುತ್ತಿದ್ದರು. ತುಟಿ, ಗಲ್ಲ, ಮೂಗಿನ ತುದಿ ಎಲ್ಲ ಮಸಿ. ಆಮೇಲೆ, "ಆ ಬದನಿಕಾಯಿ ಏನಾತವ್ವ?" ಎಂದು ಕೇಳಿದರು. ಮುದುಕಿ ಓಡಿದಳು. ಅವಳ ವಯಸ್ಸಿನವರು ಓಡುವುದನ್ನು ನಾನು ಅಪರೂಪಕ್ಕೆ ನೋಡಿದ್ದೇನೆ. ಕೆಂಡದಿಂದ ತೆಗೆದ ಬದನೆಕಾಯಿ ಮೆತ್ತಗೆ ಕುಸಿದಿತ್ತು. ಅಪ್ಪ ತಾವೇ ಸುಟ್ಟ ಸಿಪ್ಪೆ ಬಿಡಿಸಿದರು, ಬೆರಳು ಸುಟ್ಟಾಗ ಊದಿಕೊಂಡರು. ಒಳಗಿನ ತಿರುಳಿನಿಂದ ಹೊಗೆಯ ವಾಸನೆಯ ಆವಿ ಎದ್ದಿತು. ಅವರು ಕೈ ಚಾಚಿ ಒಂದು ಹಿಡಿ ಕಡಲೆಯ ಎಳೆ ಕುಡಿ ಕಿತ್ತು, ಅಂಗೈಯಲ್ಲಿ ತಿಕ್ಕಿ, ಆ ಬಿಸಿ ತಿರುಳಿಗೆ ಕಲಸಿದರು. ಅದಕ್ಕೆ ಬದುವಿನ ಗಿಡದಿಂದ ತರಿಸಿ ಉಗುರಿನಿಂದ ಸೀಳಿದ ಒಂದು ಹಸಿ ಮೆಣಸಿನಕಾಯಿ. ಅದರ ಮೇಲೆ ಒಂದು ಹಿಡಿ ಸೀತನಿ.

ಸೊಸೆ ಕಣ್ಣು ಒರೆಸಿಕೊಂಡು, "ಆಚಾರ್ರು ಹೊಲದಾಗೇ ವಂಟ ಶುರು ಮಾಡ್ಯಾರ," ಎಂದಳು. ಅಡಿಗೆ ಎಂಬುದಕ್ಕೆ ತೆಲುಗಿನ ಮಾತು.

"ನನ್ನ ಕೈಲೆ ಮಾಡಿದ್ದು, ನನಗ ನಡೀತದ," ಎಂದರು ಅಪ್ಪ. "ನಿನಗ ನಡೀತದೋ ಇಲ್ಲೋ ನೋಡು." ಮೊದಲ ತುತ್ತನ್ನು ತಾವು ತಿನ್ನದೆ ಎಲೆಯ ಚೂರಿನಲ್ಲಿ ಹಾಕಿ ಅವಳ ಕಡೆ ನೀಡಿದರು. ಅವಳು ಅತ್ತೆಯ ಮುಖ ನೋಡಿದಳು.

"ತಗೋ," ಎಂದಳು ಮುದುಕಿ. "ಬೈಸ್ಕೊಂಡಾಕಿಗೆ ಮೊದಲ."

ನಾವೆಲ್ಲರೂ ತಿಂದೆವು. ನನ್ನ ಜೀವನದಲ್ಲಿ ಆಮೇಲೆ ನಾನು ಬಹಳ ಊರಿನ ಊಟ ಉಂಡಿದ್ದೇನೆ, ದೊಡ್ಡ ಊರುಗಳ ಹೋಟೆಲಿನಲ್ಲಿ ಸುಟ್ಟ ತರಕಾರಿಯನ್ನು ಬಿಳಿ ತಟ್ಟೆಯಲ್ಲಿ ಜೋಡಿಸಿ ತಂದದ್ದನ್ನೂ ತಿಂದಿದ್ದೇನೆ, ಚೆನ್ನಾಗಿತ್ತು. ಆ ತುತ್ತಿನಲ್ಲಿ ಇದ್ದದ್ದು ಬದನೆಕಾಯಿ, ಬೆಂಕಿ, ಒಂದು ಮೆಣಸಿನಕಾಯಿ, ಒಂದು ಹಿಡಿ ಸೀತನಿ, ಒಂದು ಗಿಡದ ಕುಡಿ. ಒಂದು ಹರಳು ಉಪ್ಪು ಇರಲಿಲ್ಲ, ಒಂದು ಹನಿ ಎಣ್ಣೆ ಇರಲಿಲ್ಲ. ಇನ್ನೇನೂ ಬೇಕಾಗಿರಲಿಲ್ಲ. ಬದನೆಯ ಸಿಹಿ ಮೊದಲು, ಆಮೇಲೆ ಹೊಗೆ, ಆಮೇಲೆ ಹುಳಿ ಬಂದು ಅವೆರಡನ್ನೂ ಎಬ್ಬಿಸುತ್ತದೆ, ಹಲ್ಲಿಗೆ ಸೀತನಿ ಸಿಕ್ಕು ಹಾಲು ಒಡೆಯುತ್ತದೆ.

ಎಲೆ ಬರಿದಾಯಿತು. ಅಪ್ಪ ತಂಬಿಗೆಯ ನೀರು ಕುಡಿದು, ತೇಗಿದರು. ಆ ತೇಗಿಗೆ ಅಕ್ಕ ಮುಖ ಮುಚ್ಚಿಕೊಂಡು ಅತ್ತಳು.

ಸಂಜೆಯ ಬಸ್ಸಿಗೆ ಹೊರಡಬೇಕಿತ್ತು. ಅಪ್ಪ ಒಪ್ಪಲಿಲ್ಲ. ಮಗುವಿಗೆ ಹೊಟ್ಟೆನೋವು ಬಂದರೆ ತನ್ನ ತವರಲ್ಲಿ ಸಂಜೆ ಕಡಲೆ ಗಿಡದ ಮೇಲೆ ಒಗೆದ ಬಟ್ಟೆ ಹಾಸಿ, ಬೆಳಿಗ್ಗೆ ಮಂಜಿನಲ್ಲಿ ನೆನೆದ ಬಟ್ಟೆ ಹಿಂಡಿ ಆ ಹುಳಿ ಕುಡಿಸುತ್ತಾರೆ ಎಂದು ಸೊಸೆ ಹೇಳಿದ್ದೇ ತಡ, ಅಪ್ಪ ತಮ್ಮ ಚೀಲದಲ್ಲಿದ್ದ ಮಡಿ ಪಂಚೆ ತೆಗೆದರು. ತಾವೇ ಅದನ್ನು ಸಾಲಿನ ಮೇಲೆ ಹಾಸಿದರು. ಊರಿನಲ್ಲಿ ನಮ್ಮ ದಾಯಾದಿಗಳ ಮನೆಯಲ್ಲಿ ಉಳಿದೆವು. ಬೆಳಗಿನ ಜಾವ ನಾನೂ ಅವರೂ ಹೋದಾಗ ಪಂಚೆ ಗಿಡಗಳ ಮೇಲೆ ಭಾರವಾಗಿ ಕೂತಿತ್ತು, ಸಾಲುಗಳ ಏರಿಳಿತವೆಲ್ಲ ಅದರಲ್ಲಿ ಮೂಡಿತ್ತು. ಸೂರ್ಯ ಹುಟ್ಟುತ್ತಿದ್ದ. ಹೊಲದ ಒಂದೊಂದು ಎಲೆಯ ಮೇಲೂ ಹನಿ, ಒಂದೊಂದು ಹನಿಯಲ್ಲೂ ಬೆಳಕು. ಅಪ್ಪ ಪಂಚೆಯ ಒಂದು ಮೂಲೆಯನ್ನು ತಾಮ್ರದ ತಂಬಿಗೆಗೆ ಹಿಡಿಯಹೋಗಿ, ತಡೆದು, ತಾಮ್ರಕ್ಕೆ ಹುಳಿ ಆಗದು ಎಂದು ಅಂಗೈ ಒಡ್ಡಿ ನನಗೆ ಹಿಂಡಲು ಹೇಳಿದರು. ಆಚಮನ ಮಾಡುವಂತೆ ಅಂಗೈ ಗುಳಿ ಮಾಡಿ ಕುಡಿದರು. ಬಹಳ ಹೊತ್ತು ಆ ಹೊಲವನ್ನು ನೋಡುತ್ತ ನಿಂತರು.

"ಇಷ್ಟೂ ಇಲ್ಲೇ ಇತ್ತು ನೋಡು," ಎಂದರು.

ಆದವಾನಿಗೆ ಬಂದ ದಿನ ಮಧ್ಯಾಹ್ನ ಅಮ್ಮ ಅವರ ಎಲೆಗೆ ಎರಡನೆಯ ಸಲ ಅನ್ನ ಬಡಿಸಿದಳು. ಆ ವಾರವೇ ಅವರು ಚೀಲ ಹಿಡಿದು ನಿಧಾನವಾಗಿ ಕಾಯಿಪಲ್ಯಕ್ಕೆ ಹೊರಟರು. ಆಮೇಲೆ ಬಹಳ ವರ್ಷ ಇದ್ದರು, ಶಾಕವ್ರತ ಒಂದನ್ನೂ ತಪ್ಪಿಸಲಿಲ್ಲ. ಅಮ್ಮ ಮಾತ್ರ ಕೊನೆಯವರೆಗೂ ನಂಬಲಿಲ್ಲ. "ನೀವೆಲ್ಲ ಕೂಡಿ ಉಪ್ಪು ಹಾಕಿ ತಿನ್ನಿಸೀರಿ, ತಿನ್ನಿಸಿದ್ದು ಚಲೋ ಆತು," ಎಂದು ನನ್ನ ಕಿವಿಯಲ್ಲಿ ಹೇಳುತ್ತಿದ್ದಳು. ಅವಳು ಅಲ್ಲಿ ಇರಲಿಲ್ಲ.

ಇದ್ದವರಲ್ಲಿ ಮುದುಕಿ ಹೋದಳು, ಅಪ್ಪ ಹೋದರು. ಉಳಿದವರು ಮೂವರು. ನನ್ನ ತೋಳನ್ನು ಹಿಡಿದಿದ್ದ ಅಕ್ಕ, ಬಳ್ಳಾರಿಯಲ್ಲಿ ಮಗಳ ಮನೆಯಲ್ಲಿ ಇದ್ದಾಳೆ. ಕಿವಿ ಮಂದವಾಗಿದೆ, ಕಣ್ಣು ಚೆನ್ನಾಗಿದೆ. ಹೊಳಗುಂದದಲ್ಲಿ ಆ ಸೊಸೆ, ಈಗ ಅವಳೇ ಅಜ್ಜಿ. ಹೊಲಕ್ಕೆ ಬಂದವರಿಗೆಲ್ಲ ಕಡಲೆ ಕುಡಿ ಚಿವುಟಿ ಕೊಟ್ಟು, "ನಾ ಹಾಕಿದ್ದಲ್ರಿ," ಎನ್ನುತ್ತಾಳೆ. ಮೂರನೆಯವನು ಬದುವಿನ ಮೇಲೆ ನಿಂತಿದ್ದವನು.